ಬೆಳ್ಳಿಯಲ್ಲಿ ಕೆತ್ತಿದ ಬೀಳ್ಕೊಡುಗೆ



ಬೆಳ್ಳಿ ಸಂಗ್ರಹ ಎಂದ ಕೂಡಲೇ ಹೆಚ್ಚಿನವರ ಮನಸ್ಸಿಗೆ ಬರುವುದು ತಕ್ಕಡಿ. ಎಷ್ಟು ಗ್ರಾಂ, ಇವತ್ತಿನ ದರವೇನು, ಸವಕಳಿ ಎಷ್ಟು ಕಳೆಯುತ್ತಾರೆ ಎಂಬ ಲೆಕ್ಕ. ನಾನು ಇವತ್ತು ಹೇಳಹೊರಟಿರುವ ಬೆಳ್ಳಿಗೆ ಆ ಲೆಕ್ಕ ಹೊಂದುವುದಿಲ್ಲ. ಸೈನ್ಯದ ಅಧಿಕಾರಿಯೊಬ್ಬ ಯುದ್ಧ ಗೆದ್ದು ಬಂದಾಗ, ರೆಜಿಮೆಂಟು ಬಿಟ್ಟು ಬೇರೆ ಕಡೆ ಹೊರಟಾಗ, ಮದುವೆಯಾದಾಗ, ನಿವೃತ್ತನಾದಾಗ ಜೊತೆಯವರು ಚಂದಾ ಎತ್ತಿ ಕೊಟ್ಟ ತಟ್ಟೆ, ಹೂಜಿ, ಬಟ್ಟಲು, ಮಸಿಕುಡಿಕೆ, ಸಿಗರೇಟು ಡಬ್ಬಿ ಇವುಗಳ ವಿಚಾರ ಇದು. ಇವುಗಳ ಮೇಲೆ ಅಕ್ಷರಗಳಿರುತ್ತವೆ: ಕೊಟ್ಟವರು ಯಾರು, ಪಡೆದವರು ಯಾರು, ಯಾವ ದಿನ, ಏನು ಕಾರಣ. ಊರೂರಿಗೆ ಶಾಸನಗಳಿರುವ ನಾಡು ನಮ್ಮದು. ದಾನಿ, ಪ್ರತಿಗ್ರಹಿ, ತಿಥಿ, ಸಾಕ್ಷಿಗಳು, ಕೊನೆಗೆ ಅದನ್ನು ಅಳಿಸಿದವರಿಗೆ ತಟ್ಟುವ ಪಾಪ, ಹೀಗೆ ಬರೆದು ಓದಿ ಅಭ್ಯಾಸವಿರುವ ಜನ ನಾವು. ಆ ಕಣ್ಣಿನಿಂದಲೇ ಈ ಬೆಳ್ಳಿಯನ್ನೂ ನೋಡಬೇಕು ಎಂಬುದು ನನ್ನ ಅಭಿಪ್ರಾಯ. ಎಷ್ಟೇ ತೂಕವಿರಲಿ, ಎಷ್ಟೇ ಚೆಂದವಿರಲಿ, ಅಕ್ಷರ ಅಳಿಸಿಹಾಕಿದ ಪಾತ್ರೆಯನ್ನು ನಾನು ಕೊಳ್ಳುವುದಿಲ್ಲ. ಅಕ್ಷರ ಉಳಿದಿದ್ದರೆ ನೆಗ್ಗಿದ ಲೋಟಕ್ಕೂ ಬೆಲೆ ಕೊಡುತ್ತೇನೆ.

ಗೆದ್ದ ಕಪ್ಪು ಬೇರೆ, ಕೊಟ್ಟ ಬೆಳ್ಳಿ ಬೇರೆ. ಪೋಲೊ ಆಟದ ಕಪ್ಪುಗಳು ಮೆಸ್ಸಿನ ಕಪಾಟಿನಲ್ಲಿ ಸಾಲಾಗಿ ನಿಂತಿರುತ್ತವೆ. ಅವು ಆಟದ ಚರಿತ್ರೆ. ಲೂಟಿಯ ಬೆಳ್ಳಿಯೂ ಉಂಟು. 1813ರಲ್ಲಿ ಸ್ಪೇನಿನ ವಿಟೋರಿಯಾ ಯುದ್ಧದಲ್ಲಿ ಸೋತು ಓಡಿದ, ನೆಪೋಲಿಯನ್ನನ ಅಣ್ಣ ಜೋಸೆಫ್ ಬೊನಪಾರ್ಟೆಯ ಬಂಡಿಯಲ್ಲಿ ಬ್ರಿಟಿಷ್ ಕುದುರೆ ಸವಾರರಿಗೆ ಅವನ ಬೆಳ್ಳಿಯ ಮೂತ್ರಪಾತ್ರೆ ಸಿಕ್ಕಿತು. ಆ ರೆಜಿಮೆಂಟಿನ ಪರಂಪರೆಯವರು ಅದರಲ್ಲಿ ಷಾಂಪೇನ್ ತುಂಬಿ ಕುಡಿಯುವ ಪದ್ಧತಿಯನ್ನು ಇಂದಿಗೂ ಇಟ್ಟುಕೊಂಡಿದ್ದಾರೆ. ಕೇಳಲು ರಂಜಕವಾದ ಕಥೆಯೇ. ಆದರೆ ನನ್ನನ್ನು ಹಿಡಿದಿಟ್ಟಿರುವುದು ಕೊಟ್ಟ ಬೆಳ್ಳಿ, ಒಬ್ಬರು ಇನ್ನೊಬ್ಬರನ್ನು ಮೆಚ್ಚಿ ಹೆಸರು ಹಾಕಿಸಿ ಕೊಟ್ಟದ್ದು.

ಇಂಥ ಕೊಡುಗೆ ದೊಡ್ಡ ಪ್ರಮಾಣದಲ್ಲಿ ನಡೆದದ್ದು ನೆಪೋಲಿಯನ್ ವಿರುದ್ಧದ ಯುದ್ಧಗಳ ಕಾಲದಲ್ಲಿ. 1803ರ ಜುಲೈ ತಿಂಗಳಲ್ಲಿ ಲಂಡನ್ನಿನ ಲಾಯ್ಡ್ಸ್ ಕಾಫಿ ಹೌಸಿನಲ್ಲಿ ಹಡಗಿನ ವಿಮೆಯ ವ್ಯಾಪಾರಿಗಳು ಸೇರಿ ದೇಶಭಕ್ತಿಯ ನಿಧಿಯೊಂದನ್ನು ಕಟ್ಟಿದರು. ಗಾಯಾಳುಗಳಿಗೆ ಮತ್ತು ಸತ್ತವರ ಹೆಂಡಿರು ಮಕ್ಕಳಿಗೆ ಹಣ, ಪರಾಕ್ರಮ ತೋರಿದ ಅಧಿಕಾರಿಗಳಿಗೆ ಉಡುಗೊರೆ. ಉಡುಗೊರೆಯೆಂದರೆ ಮೊದಲು ಖಡ್ಗ. ದರ್ಜೆಗೆ ತಕ್ಕಂತೆ 30, 50, 100 ಪೌಂಡಿನವು. ಖಡ್ಗ ಬೇಡವೆಂದವರು ಬೆಳ್ಳಿಯ ಹೂದಾನಿ ಕೇಳಬಹುದಿತ್ತು, ಅದೂ ಬೇಡವೆಂದರೆ ನಗದು ಪಡೆಯಬಹುದಿತ್ತು. 1805ರ ಅಕ್ಟೋಬರ್ 21ರಂದು ಟ್ರಫಾಲ್ಗರ್ ಕಡಲಯುದ್ಧ ನಡೆದ ಮೇಲೆ ಹೂದಾನಿಗಳ ಬೇಡಿಕೆ ಏರಿತು. ವಿನ್ಯಾಸ ತಿದ್ದಿಕೊಟ್ಟವನು ಜಾನ್ ಫ್ಲಾಕ್ಸ್‌ಮನ್ ಎಂಬ ಪ್ರಸಿದ್ಧ ಶಿಲ್ಪಿ. ಮಾಡಿಕೊಟ್ಟವರು ಡಿಗ್ಬಿ ಸ್ಕಾಟ್ ಮತ್ತು ಬೆಂಜಮಿನ್ ಸ್ಮಿತ್ ಎಂಬ ಬೆಳ್ಳಿ ಕೆಲಸದವರು. ಪ್ರಾಚೀನ ಗ್ರೀಕರ ಹೂಜಿಯ ಆಕಾರ, ಮುಚ್ಚಳದ ಮೇಲೆ ಸಿಂಹ, ಒಂದು ಮಗ್ಗುಲಲ್ಲಿ ಕುಳಿತ ಬ್ರಿಟಾನಿಯಾ, ಅಂದರೆ ಬ್ರಿಟನ್ನನ್ನು ಹೆಣ್ಣಾಗಿ ಬಿಡಿಸಿದ ರೂಪ. ಬ್ರಿಟಿಷ್ ನೌಕಾದಳದ ದಳಪತಿ ನೆಲ್ಸನ್ ಆ ಯುದ್ಧದಲ್ಲೇ ಸತ್ತಿದ್ದರಿಂದ ಅವನ ಹೆಂಡತಿಗೆ ಹೂದಾನಿ ಹೋಯಿತು. ಈ ಹೂದಾನಿಗಳು ಒಂದೇ ಅಚ್ಚಿನವು ಅನ್ನುವಷ್ಟು ಒಂದನ್ನೊಂದು ಹೋಲುತ್ತವೆ. ಬೇರೆಯಾಗಿರುವುದು ಕೆತ್ತಿದ ಸಾಲುಗಳು ಮಾತ್ರ: ಯಾವ ಹಡಗು, ಯಾವ ಕ್ಯಾಪ್ಟನ್. ಹರಾಜಿಗೆ ಬಂದಾಗ ಬೆಲೆ ಮೇಲೆ ಕೆಳಗೆ ಆಗುವುದು ಆ ಹೆಸರಿನಿಂದಲೇ.

1809ರಲ್ಲಿ ನಿಧಿಯವರು ಖಡ್ಗ, ಹೂದಾನಿಗಳನ್ನು ಕೊಡುವುದನ್ನೇ ನಿಲ್ಲಿಸಿಬಿಟ್ಟರು. ಗಾಯಾಳುಗಳ ಸಂಖ್ಯೆ ಏರುತ್ತಿತ್ತು, ಹಣ ಅವರಿಗೇ ಸಾಲದಾಗಿತ್ತು. ಅದು ಸರಿಯಾದ ತೀರ್ಮಾನ ಎಂದು ನಾನು ಮನಸಾರೆ ನಂಬುತ್ತೇನೆ, ಸಂಗ್ರಾಹಕನಾಗಿದ್ದೂ.

ನಮ್ಮ ನೆಲಕ್ಕೆ ಹತ್ತಿರವಾದ ಉದಾಹರಣೆಯೊಂದು ಲಂಡನ್ನಿನ ಹೈಡ್ ಪಾರ್ಕ್ ಮೂಲೆಯ ಆಪ್ಸ್ಲಿ ಹೌಸಿನಲ್ಲಿದೆ. ಅದು ವೆಲಿಂಗ್ಟನ್ ಡ್ಯೂಕನ ಮನೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿನ ಅಧಿಕಾರ ವಹಿಸಿಕೊಂಡು, ದರಿಯಾ ದೌಲತ್ತಿನಲ್ಲಿ ವಾಸವಿದ್ದ ಆರ್ಥರ್ ವೆಲ್ಲೆಸ್ಲಿಯೇ ಮುಂದೆ ಡ್ಯೂಕನಾದವನು. 1803ರ ಸೆಪ್ಟೆಂಬರ್ 23ರಂದು ಅವನು ಅಸ್ಸಾಯೆಯಲ್ಲಿ ಮರಾಠ ಸೈನ್ಯವನ್ನು ಸೋಲಿಸಿದ. ಅವನ ಕೈಕೆಳಗಿನ ಅಧಿಕಾರಿಗಳು ಹಣ ಸೇರಿಸಿ ಮೊದಲು ಚಿನ್ನದ ಹೂದಾನಿ ಕೊಡಬೇಕೆಂದುಕೊಂಡರು. ಆಮೇಲೆ ಅದು ಊಟದ ಮೇಜಿನ ಪೂರ್ಣ ಸೆಟ್ಟಾಯಿತು, ಬೆಳ್ಳಿಗೆ ಚಿನ್ನದ ನೀರು ಕೊಟ್ಟದ್ದು. ಡೆಕ್ಕನ್ ಸರ್ವಿಸ್ ಎಂದು ಅದನ್ನು ಕರೆಯುತ್ತಾರೆ. ಅಸ್ಸಾಯೆಯ ಹೆಸರನ್ನು ಅದರಲ್ಲಿ ಕೆತ್ತಿದ್ದಾರೆ. ಯುದ್ಧ 1803ರದು, ಬೆಳ್ಳಿ ತಯಾರಾದದ್ದು ಲಂಡನ್ನಿನಲ್ಲಿ 1806ರ ಆಸುಪಾಸು. ಕೊಡಬೇಕೆಂದುಕೊಂಡ ದಿನಕ್ಕೂ ಕೈಗೆ ಬಂದ ದಿನಕ್ಕೂ ನಡುವೆ ಸಮುದ್ರವೇ ಇತ್ತಲ್ಲ.

ಆ ಯುದ್ಧದಲ್ಲಿ ವೆಲ್ಲೆಸ್ಲಿಯ ಕಡೆ ಸತ್ತವರು, ಗಾಯಗೊಂಡವರು ಸೇರಿ ಸಾವಿರದ ಐನೂರಕ್ಕಿಂತ ಹೆಚ್ಚು. ಅವನ ಜೊತೆ ಮೈಸೂರಿನಿಂದ ಹೋದ ಸಿಲ್ಲೇದಾರ್ ಕುದುರೆ ಸವಾರರಿದ್ದರು. ದಿವಾನ್ ಪೂರ್ಣಯ್ಯನವರು ಕಳಿಸಿಕೊಟ್ಟವರು, ಮುಖಂಡ ಬಿಷ್ಟಪ್ಪ ಪಂಡಿತ. ಮೈಸೂರಿನಲ್ಲಿ ಸಾಕಿಕೊಂಡು ಬಂದ ಅಮೃತಮಹಲ್ ಎತ್ತುಗಳು ಆ ಸೈನ್ಯದ ಸಾಮಾನು ಹೊರುತ್ತಿದ್ದವು. ವೆಲ್ಲೆಸ್ಲಿ ಅಷ್ಟು ಬೇಗ ದಂಡನ್ನು ನಡೆಸಿಕೊಂಡು ಹೋಗಲು ಸಾಧ್ಯವಾದದ್ದರಲ್ಲಿ ನಮ್ಮ ಎತ್ತಿನ ಪಾಲು ದೊಡ್ಡದು. ಚಂದಾ ಎತ್ತಿದವರು ಅಧಿಕಾರಿಗಳು, ಪಡೆದವನು ಅವರ ದಳಪತಿ. ಸವಾರನ ಹೆಸರಾಗಲಿ ಎತ್ತು ಹೊಡೆದವನ ಹೆಸರಾಗಲಿ ಆ ತಟ್ಟೆಗಳ ಮೇಲೆ ಬರಲು ದಾರಿಯೇ ಇರಲಿಲ್ಲ. ಕೊಡುಗೆಯ ಬೆಳ್ಳಿಯನ್ನು ಓದುವಾಗ ಅದರಲ್ಲಿ ಇಲ್ಲದ ಹೆಸರುಗಳನ್ನೂ ಕೇಳಿಕೊಳ್ಳುವುದು ಸಂಗ್ರಾಹಕನ ಕೆಲಸ ಎಂದು ನಾನು ತಿಳಿದಿದ್ದೇನೆ.

ಕೈಕೆಳಗಿನವರು ಮೇಲಧಿಕಾರಿಗೆ ಕೊಡುವುದರಲ್ಲಿ ಒತ್ತಾಯದ ನೆರಳೂ ಇರುತ್ತದೆ. ಬ್ರಿಟಿಷ್ ಸೈನ್ಯದ ನಿಯಮಾವಳಿ ಮುಂದೆ ಇದಕ್ಕೆ ಕಡಿವಾಣ ಹಾಕಿತು. ನಮಗೆ ಇಂದು ಸಿಗುವ ಬೆಳ್ಳಿಯಲ್ಲಿ ಹೆಚ್ಚಿನದು ಸಮಾನರು ಸಮಾನರಿಗೆ ಕೊಟ್ಟದ್ದು ಅಥವಾ ಬೀಳ್ಕೊಡುವಾಗ ಮೆಸ್ಸಿನವರೆಲ್ಲ ಸೇರಿ ಕೊಟ್ಟದ್ದು.

ಇನ್ನು ಓದುವ ಬಗೆ. ಇಂಗ್ಲೆಂಡಿನ ಬೆಳ್ಳಿಯಾದರೆ ಕೆಳಗೆ ಅಥವಾ ಅಂಚಿನಲ್ಲಿ ಪುಟ್ಟ ಮುದ್ರೆಗಳ ಸಾಲು ಇರುತ್ತದೆ. ಪಕ್ಕಕ್ಕೆ ನಡೆಯುವ ಸಿಂಹವಿದ್ದರೆ ಸಾವಿರ ಪಾಲಿನಲ್ಲಿ 925 ಪಾಲು ಶುದ್ಧ ಬೆಳ್ಳಿ. ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮ್, ಚಿರತೆಯ ತಲೆ ಇದ್ದರೆ ಲಂಡನ್. ಒಂದು ಅಕ್ಷರ ಪರೀಕ್ಷೆಯಾದ ವರ್ಷ ಹೇಳುತ್ತದೆ. 1784ರಿಂದ 1890ರವರೆಗೆ ರಾಜ ಅಥವಾ ರಾಣಿಯ ತಲೆಯ ಮುದ್ರೆಯೂ ಇತ್ತು. ಸುಂಕ ಕಟ್ಟಿದ ಗುರುತು. ಈ ವರ್ಷದಕ್ಷರವನ್ನು ಕೆತ್ತಿದ ತಾರೀಖಿನ ಪಕ್ಕ ಇಟ್ಟು ನೋಡಿ. ಪಾತ್ರೆ ಮೊದಲು, ಕೊಡುಗೆ ಆಮೇಲೆ ಆಗಿದ್ದರೆ ಸರಿಯೇ. ಹಳೆಯ ಪಾತ್ರೆ ಕೊಂಡು ಹೊಸದಾಗಿ ಹೆಸರು ಹಾಕಿಸುವುದು ರೂಢಿ. ಕೊಟ್ಟ ತಾರೀಖು ಮೊದಲು, ಪಾತ್ರೆ ಹತ್ತಾರು ವರ್ಷ ಆಮೇಲೆ ಆಗಿದ್ದರೆ ಅನುಮಾನ ಪಡಿ.

ಖೋಟಾ ಕೆತ್ತನೆಯೂ ಉಂಟು. ಸಾಧಾರಣ ತಟ್ಟೆಯ ಮೇಲೆ ಹೆಸರಾಂತ ಯುದ್ಧದ ಹೆಸರು ಹಾಕಿಸಿದರೆ ಬೆಲೆ ಏರುತ್ತದೆ ನೋಡಿ. ಭೂತಗನ್ನಡಿ ಹಿಡಿದು ಗೀರುಗಳನ್ನು ಗಮನಿಸಬೇಕು. ಹಳೆಯ ಕೆತ್ತನೆಯ ಅಂಚು ವರ್ಷಗಟ್ಟಲೆ ತಿಕ್ಕಿ ತಿಕ್ಕಿ ನುಣುಪಾಗಿರುತ್ತದೆ, ಬಳಕೆಯ ಗೀರುಗಳು ಅಕ್ಷರದ ಮೇಲೆ ಹಾದುಹೋಗಿರುತ್ತವೆ. ಹೊಸ ಕೆತ್ತನೆಯಲ್ಲಿ ಅಕ್ಷರವೇ ಹಳೆಯ ಗೀರನ್ನು ಕತ್ತರಿಸಿಕೊಂಡು ಹೋಗಿರುತ್ತದೆ, ಅಂಚು ಬೆರಳಿಗೆ ತಾಕಿದರೆ ಚುರುಕು.

ಅಳಿಸಿದ್ದನ್ನು ಪತ್ತೆ ಹಚ್ಚುವುದು ಇದಕ್ಕಿಂತ ಸುಲಭ. ಚಾಣದ ಕೆತ್ತನೆಯಲ್ಲಿ ಬೆಳ್ಳಿ ಕೊರೆದು ಹೊರಗೆ ಬಂದಿರುತ್ತದೆ. ಹೆಸರು ಅಳಿಸಬೇಕಾದರೆ ಆ ಕೊರೆತದ ಆಳದವರೆಗೂ ಸುತ್ತಲ ಬೆಳ್ಳಿಯನ್ನು ಕೆರೆಯಲೇಬೇಕು. ಹಾಗಾಗಿ ಆ ಜಾಗ ತೆಳುವಾಗಿರುತ್ತದೆ. ತಟ್ಟೆಯ ನಡುವೆ ಎರಡು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರೆ ಹಿಂದಕ್ಕೆ ಮುಂದಕ್ಕೆ ಆಡುತ್ತದೆ. ತೆಳುವಾದ ಕಡೆ ಬೇರೆ ಬೆಳ್ಳಿಯ ತುಂಡು ಬೆಸೆದಿದ್ದರೆ, ಬಾಯಿಯ ಹಬೆ ಊದಿ ನೋಡಿ; ಬೆಸುಗೆಯ ಗೆರೆ ಕ್ಷಣಹೊತ್ತು ಕಾಣಿಸಿ ಮಾಯವಾಗುತ್ತದೆ.

ನನ್ನ ಬಳಿ ಇರುವ ಒಂದು ವಸ್ತುವಿನ ಬಗ್ಗೆ ಹೇಳಬೇಕು. ಬೆಂಗಳೂರಿನ ಪೇಟೆಯ ಒಂದು ಅಂಗಡಿಯಲ್ಲಿ, ಕರಗಿಸಲು ಇಟ್ಟ ರಾಶಿಯ ನಡುವೆ ಸಿಕ್ಕಿದ ಸಿಗರೇಟು ಡಬ್ಬಿ. ಮುರಿದ ಕುಂಕುಮಭರಣಿ, ಸೊಟ್ಟ ಚಮಚ, ಕಾಲ್ಗೆಜ್ಜೆಗಳ ಜೊತೆ ಬಿದ್ದಿತ್ತು. ಅಂಗಡಿಯವರು ಒಳ್ಳೆಯ ಮನುಷ್ಯರು. "ಸಾರ್, ಇದರಲ್ಲಿ ಬರಹ ಜಾಸ್ತಿ ಇದೆ, ಬೇಕಾದ್ರೆ ತಿಕ್ಕಿಸಿ ಪಾಲಿಷ್ ಹಾಕಿಸಿ ಕೊಡ್ತೀನಿ" ಅಂದರು. "ಬೇಡಿ ಸ್ವಾಮಿ, ಬರಹ ಇರೋದಕ್ಕೇ ತಗೊಳ್ತಿರೋದು, ಹಾಗೇ ಕೊಡಿ" ಅಂದೆ. ಒಳಗಿನ ಮರದ ಹಲಗೆಯ ತೂಕ ಅಂದಾಜು ಮಾಡಿ ಕಳೆದು, ಬೆಳ್ಳಿಯ ದರಕ್ಕೇ ಕೊಟ್ಟರು.

ಅಂಗೈಗಿಂತ ಸ್ವಲ್ಪ ಉದ್ದದ ಡಬ್ಬಿ. ಒಳಗೆ ದೇವದಾರು ಮರದ ತೆಳು ಹಲಗೆ. ಮುಚ್ಚಳ ತೆರೆದರೆ ಇವತ್ತಿಗೂ ಅದರ ವಾಸನೆ ಬರುತ್ತದೆ. ಹೊರಗೆ ಯಂತ್ರದಲ್ಲಿ ಹಾಕಿದ ಸಣ್ಣ ಗೆರೆಗಳು. ಬಲಗೈ ಹೆಬ್ಬೆರಳು ತಾಕುವ ಮೂಲೆಯಲ್ಲಿ ಅವು ಸವೆದು ಬೋಳಾಗಿವೆ. ಅಷ್ಟು ಸಲ ಯಾರೋ ಅದನ್ನು ತೆರೆದಿದ್ದಾರೆ. ಮುಚ್ಚಳದ ಒಳಮೈಯಲ್ಲಿ ಎರಡು ಸಾಲು ಬರಹ: ಮದುವೆಯ ಸಂದರ್ಭದಲ್ಲಿ ಸಹ ಅಧಿಕಾರಿಗಳಿಂದ, ಬೆಂಗಳೂರು, 1934. ಅದರ ಕೆಳಗೆ ಎಲ್ಲರ ಸಹಿಗಳು. ಕಾಗದದ ಮೇಲೆ ಶಾಯಿಯಲ್ಲಿ ಮಾಡಿದ ಸಹಿಗಳನ್ನು ಬೆಳ್ಳಿಯ ಮೇಲೆ ಗುರುತು ಹಾಕಿಕೊಂಡು ಯಥಾವತ್ತಾಗಿ ಕೆತ್ತುವುದು ಕೆತ್ತನೆಗಾರರ ವಿದ್ಯೆ. ಒಬ್ಬನ ಸಹಿಯ ನಡುವೆ ಸ್ವಲ್ಪ ಜಾಗ ಖಾಲಿ ಬಿದ್ದಿದೆ. ಅವನ ಪೆನ್ನಿನಲ್ಲಿ ಆ ಗಳಿಗೆ ಶಾಯಿ ಹರಿದಿಲ್ಲ. ಕೆತ್ತುವವನು ಅದನ್ನು ತನ್ನ ಕಡೆಯಿಂದ ತುಂಬಲು ಹೋಗದೆ, ಆ ಖಾಲಿಯನ್ನೂ ಹಾಗೆಯೇ ಬಿಟ್ಟಿದ್ದಾನೆ. ಹೆಸರು ಹೇಳದ ಆ ಕುಶಲಕರ್ಮಿಯ ನಿಷ್ಠೆ ಇಡೀ ಡಬ್ಬಿಯಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು.

ಸಹಿ ಓದಿಕೊಂಡ ಮೇಲೆ ಹುಡುಕಾಟ ಶುರು. ಸೈನ್ಯದವರು ಅಧಿಕಾರಿಗಳ ಪಟ್ಟಿಯನ್ನು ಕಾಲಕಾಲಕ್ಕೆ ಅಚ್ಚು ಹಾಕಿಸುತ್ತಿದ್ದರು. ರೆಜಿಮೆಂಟು, ಹುದ್ದೆ, ಸೇರಿದ ತಾರೀಖು ಎಲ್ಲ ಅದರಲ್ಲಿ ಸಿಗುತ್ತದೆ. ಬಡ್ತಿ, ಪದಕಗಳ ವಿವರ ಲಂಡನ್ ಗೆಜೆಟ್ಟಿನಲ್ಲಿ ಉಂಟು. ಕೊನೆಗೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿ. ನನ್ನ ಡಬ್ಬಿಯ ಸಹಿಗಳಲ್ಲಿ ಒಂದು ಹೆಸರು ನನಗೆ ಸಿಕ್ಕಿದ್ದು ಅಲ್ಲಿ, ಬರ್ಮಾದಲ್ಲಿ ಸತ್ತವರ ನಡುವೆ. ಮದುವೆಯ ಸಂತೋಷಕ್ಕೆ ಸಹಿ ಹಾಕಿದವನು ಹತ್ತು ವರ್ಷದೊಳಗೆ ಇಲ್ಲವಾಗಿದ್ದ. ಆ ಡಬ್ಬಿ ಮೂಸೆಗೆ ಹೋಗಿದ್ದರೆ ಇವರೆಲ್ಲ ಒಂದು ಸಂಜೆ ಬೆಂಗಳೂರಿನ ದಂಡಿನಲ್ಲಿ ಒಟ್ಟಿಗೆ ಇದ್ದರು ಎಂಬುದಕ್ಕೆ ಇದ್ದ ಗುರುತೂ ಹೋಗುತ್ತಿತ್ತು.

ಮೂಸೆಗೆ ಹೋದದ್ದು ಸ್ವಲ್ಪವೇ? 1980ರ ಜನವರಿಯಲ್ಲಿ ಅಮೆರಿಕದ ಹಂಟ್ ಸೋದರರ ಸಟ್ಟಾ ವ್ಯಾಪಾರದಿಂದ ಬೆಳ್ಳಿಯ ದರ ಔನ್ಸಿಗೆ 50 ಡಾಲರಿನ ಹತ್ತಿರ ಹೋದಾಗ ಪಶ್ಚಿಮ ದೇಶಗಳಲ್ಲಿ ಹಳೆಯ ಪಾತ್ರೆಗಳನ್ನು ರಾಶಿ ರಾಶಿಯಾಗಿ ಕರಗಿಸಿದರು. ದರ ಏರಿದಾಗಲೆಲ್ಲ ಈ ಸಂಕಟ ಮರಳಿ ಬರುತ್ತದೆ. ಇವತ್ತೂ ಬಂದಿದೆ.

ಭಾರತದಲ್ಲೇ ಮಾಡಿದ ಬೆಳ್ಳಿಗೆ ಬ್ರಿಟಿಷರ ಕಾಲದಲ್ಲಿ ಸರ್ಕಾರಿ ಪರೀಕ್ಷೆಯ ಮುದ್ರೆ ಇರಲಿಲ್ಲ. ಅಂಗಡಿಯ ಹೆಸರೇ ಗುರುತು. ಕಲ್ಕತ್ತೆಯ ಹ್ಯಾಮಿಲ್ಟನ್ ಕಂಪನಿ, ಮದರಾಸಿನ ಪಿ. ಓರ್ ಅಂಡ್ ಸನ್ಸ್, ನಮ್ಮ ದಂಡಿನ ಬಾರ್ಟನ್ ಸನ್ ಅಂಡ್ ಕಂಪನಿ ಇವರೆಲ್ಲ ಅಧಿಕಾರಿಗಳಿಗೆ ಬೆಳ್ಳಿ ಒದಗಿಸುತ್ತಿದ್ದರು. ಮದರಾಸಿನ ಕಡೆಯ ಕೆಲಸದಲ್ಲಿ ದೇವದೇವಿಯರ ಉಬ್ಬು ಚಿತ್ರಗಳು. ಇಂಗ್ಲಿಷರು ಅದನ್ನು ಸ್ವಾಮಿ ಕೆಲಸ ಎಂದರು. ಕಚ್ಛ್‌ನದು ಒತ್ತಾದ ಬಳ್ಳಿ ಎಲೆ. ಭುಜ್‌ನ ಊಮರ್ಸಿ ಮಾವ್ಜಿ ಅದರಲ್ಲಿ ಹೆಸರಾದವನು. ಪಾತ್ರೆಯೊಳಗೆ ಅರಗು ತುಂಬಿ, ಹೊರಗಿನಿಂದ ಚಾಣ ಇಟ್ಟು ಹೊಡೆದು ಹೊಡೆದು ಚಿತ್ರ ಎಬ್ಬಿಸುವ ಕೆಲಸ ಅದು. ಮಾವ್ಜಿಯ ಹೆಸರಿನ ಮುದ್ರೆ ಅವನ ಬೆಳ್ಳಿಯ ಮೇಲಿದೆ. ದೊಡ್ಡ ಕಂಪನಿಗಳಿಗೆ ದುಡಿದ ಅಕ್ಕಸಾಲಿಗರಲ್ಲಿ ಹೆಚ್ಚಿನವರಿಗೆ ಆ ಭಾಗ್ಯ ಇರಲಿಲ್ಲ.

ಕನ್ನಡದಲ್ಲಿ ಬರೆದ ಸೈನ್ಯದ ಬೆಳ್ಳಿಯೂ ಉಂಟು ಎಂದರೆ ಕೆಲವರಿಗೆ ಆಶ್ಚರ್ಯವಾದೀತು. 1837ರ ಏಪ್ರಿಲ್‌ನಲ್ಲಿ ಅಮರಸುಳ್ಯದಿಂದ ಹೊರಟ ರೈತರ ದಂಡು ಪುತ್ತೂರು, ಬಂಟ್ವಾಳ ದಾಟಿ ಮಂಗಳೂರನ್ನೇ ಹಿಡಿದುಕೊಂಡಿತು. ಅದನ್ನು ಅಡಗಿಸಲು ಈಸ್ಟ್ ಇಂಡಿಯಾ ಕಂಪನಿಯ ಪಕ್ಷ ನಿಂತ ಕೊಡಗಿನವರಿಗೆ ಆಮೇಲೆ ಪದಕ ಕೊಟ್ಟರು. ಕೆಲವು ಚಿನ್ನದವು, ಹೆಚ್ಚಿನವು ಬೆಳ್ಳಿಯವು. ಕತ್ತಿ ಎತ್ತಿ ನಿಂತ ಕೊಡವ ಯೋಧನ ಚಿತ್ರ, ಕಂಪನಿಯ ಸರ್ಕಾರಕ್ಕೆ ತೋರಿದ ನಿಷ್ಠೆಗೆ ಎಂಬ ಅರ್ಥದ ಕನ್ನಡ ಬರಹ, ಜೊತೆಗೆ ಇಂಗ್ಲಿಷ್ ಬರಹ. ಇದು ಅಚ್ಚಿನಲ್ಲಿ ಒತ್ತಿದ ಪದಕ, ಕೆತ್ತಿದ ಪಾತ್ರೆಯಲ್ಲ ಎಂಬುದು ನಿಜ. ಆದರೂ ಕೊಡುಗೆಯ ಬೆಳ್ಳಿಯ ಒಳಗನ್ನು ಇದರಷ್ಟು ತೆರೆದು ತೋರಿಸುವ ವಸ್ತು ನನಗೆ ಬೇರೆ ಗೊತ್ತಿಲ್ಲ. ಅದೇ ದಂಗೆಯ ಮುಂದಾಳು ಕಲ್ಯಾಣಪ್ಪನನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ನೇಣಿಗೆ ಹಾಕಿದರು. ಒಂದೇ ಸೀಮೆಯ ಒಬ್ಬನಿಗೆ ಹಗ್ಗ, ಇನ್ನೊಬ್ಬನಿಗೆ ಬೆಳ್ಳಿ. ಆ ಪದಕವನ್ನು ಹೆಮ್ಮೆಯಿಂದ ಕಾಪಾಡಿಕೊಂಡ ಮನೆತನವನ್ನು ನಾನು ಹಳಿಯಲಾರೆ. ಆದರೆ ಪದಕದ ಪಕ್ಕದಲ್ಲಿ ಕಲ್ಯಾಣಪ್ಪನ ಹೆಸರೂ ಬರೆದಿರಬೇಕು ಎನ್ನುತ್ತೇನೆ.

ಕೊಡಗಿನವರೊಬ್ಬರ ಕೈಯಿಂದ ಹೋದ ಇನ್ನೊಂದು ಬೆಳ್ಳಿಯ ವಿಷಯ. 1947ರ ಆಗಸ್ಟ್ ಮೊದಲ ವಾರ, ದೆಹಲಿಯ ಜಿಮ್ಖಾನಾ ಕ್ಲಬ್. ದೇಶ ಎರಡಾಗುವುದಕ್ಕೆ ಕೆಲವೇ ದಿನ. ಭಾರತದಲ್ಲಿ ಉಳಿಯುವ ಅಧಿಕಾರಿಗಳು ಪಾಕಿಸ್ತಾನಕ್ಕೆ ಹೊರಟ ಹಳೆಯ ಒಡನಾಡಿಗಳಿಗೆ ಬೀಳ್ಕೊಡುಗೆಯ ಕೂಟ ಏರ್ಪಡಿಸಿದ್ದರು. ಕೆ. ಎಂ. ಕಾರ್ಯಪ್ಪನವರು ಎಲ್ಲರ ಪರವಾಗಿ ಮಾತಾಡಿ, ಪಾಕಿಸ್ತಾನಕ್ಕೆ ಹೊರಟಿದ್ದ ಬ್ರಿಗೇಡಿಯರ್ ರಝಾ ಅವರ ಕೈಗೆ ಒಂದು ಬೆಳ್ಳಿಯ ವಿಗ್ರಹ ಕೊಟ್ಟರು. ಒಬ್ಬ ಹಿಂದೂ ಸಿಪಾಯಿ, ಒಬ್ಬ ಮುಸಲ್ಮಾನ ಸಿಪಾಯಿ ಪಕ್ಕಪಕ್ಕ ನಿಂತು, ಬಂದೂಕು ಹೆಗಲಿಗಿಟ್ಟು ಒಂದೇ ಶತ್ರುವಿನ ಕಡೆ ಗುರಿ ಹಿಡಿದ ವಿಗ್ರಹ. ಮೂರು ತಿಂಗಳೂ ಕಳೆಯದೆ ಕಾಶ್ಮೀರದಲ್ಲಿ ಯುದ್ಧ ಹೊತ್ತಿಕೊಂಡಿತು. 1948ರ ಆರಂಭದಲ್ಲಿ ಪಶ್ಚಿಮದ ದಂಡಿನ ಹೊಣೆ ಕಾರ್ಯಪ್ಪನವರ ಮೇಲೇ ಬಿತ್ತು. ಆ ವಿಗ್ರಹ ಕೊಟ್ಟಾಗ ಅವರು ಮನಃಪೂರ್ವಕವಾಗಿಯೇ ಕೊಟ್ಟಿದ್ದರು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಬೆಳ್ಳಿ ಆ ಒಂದು ಸಂಜೆಯ ಮನಸ್ಸನ್ನು ಹಿಡಿದಿಟ್ಟಿದೆ, ಆಮೇಲಿನದು ಅದಕ್ಕೆ ತಿಳಿಯದು.

ಈ ಮಾತು ಕೇಳುತ್ತಿರುವವರಲ್ಲಿ ಸೈನ್ಯದ ಮನೆತನದವರು ಎಷ್ಟೋ ಮಂದಿ ಇರುತ್ತೀರಿ, ಕೊಡಗಿನಲ್ಲಂತೂ ಮನೆಗೊಬ್ಬರು. ನಮ್ಮ ಸೈನ್ಯದಲ್ಲೂ ಬೀಳ್ಕೊಡುವಾಗ ಬೆಳ್ಳಿಯ ತಟ್ಟೆ, ಸಿಪಾಯಿಯ ಪುಟ್ಟ ಪ್ರತಿಮೆ ಕೊಡುವ ಪದ್ಧತಿ ಇದೆ. ನಿಮ್ಮ ಅಲ್ಮೇರಾದಲ್ಲಿ ಅಜ್ಜನದೋ ಚಿಕ್ಕಪ್ಪನದೋ ಒಂದು ಇರಬಹುದು. ನಾಲ್ಕು ಮಾತು ಹೇಳಿ ಮುಗಿಸುತ್ತೇನೆ. ಹಬ್ಬ ಬಂತೆಂದು ವಿಭೂತಿ, ಪುಡಿ ಹಾಕಿ ಗಸಗಸ ತಿಕ್ಕಬೇಡಿ. ಪ್ರತಿ ಸಲ ತಿಕ್ಕಿದಾಗಲೂ ಅಕ್ಷರದ ಅಂಚು ಸ್ವಲ್ಪ ಸವೆಯುತ್ತದೆ. ಸಾಬೂನಿನ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಮೆತ್ತನೆ ಹತ್ತಿಬಟ್ಟೆಯಲ್ಲಿ ಒರೆಸಿದರೆ ಸಾಕು. ಮರದ ಹಲಗೆ ಇದ್ದರೆ ಅದನ್ನು ನೆನೆಸಬೇಡಿ. ರಬ್ಬರ್ ಬ್ಯಾಂಡ್ ಸುತ್ತಿ ಇಡಬೇಡಿ, ಅದರಲ್ಲಿರುವ ಗಂಧಕ ತಾಕಿದ ಕಡೆ ಕಪ್ಪು ಪಟ್ಟೆ ಬೀಳುತ್ತದೆ. ನೂರು ವರ್ಷ ದಾಟಿದ್ದಾದರೆ 1972ರ ಪ್ರಾಚೀನ ವಸ್ತುಗಳ ಕಾಯಿದೆಯಂತೆ ಅದನ್ನು ಖಾಸಗಿಯವರು ದೇಶದಾಚೆ ಸಾಗಿಸುವಂತಿಲ್ಲ, ನೆನಪಿರಲಿ. ಇಟ್ಟುಕೊಳ್ಳಲು ಆಗದಿದ್ದರೆ ಅಂಗಡಿಗೆ ಹಾಕುವ ಮೊದಲು ಅದನ್ನು ಪಡೆದವರ ರೆಜಿಮೆಂಟಿನ ಕೇಂದ್ರಕ್ಕೆ ಒಂದು ಕಾಗದ ಬರೆಯಿರಿ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ ಸನ್ನಿಸೈಡ್ ಈಗ ವಸ್ತುಸಂಗ್ರಹಾಲಯವಾಗಿದೆ, ಅಲ್ಲೂ ವಿಚಾರಿಸಬಹುದು.

ಇಷ್ಟನ್ನೂ ಮಾಡುವ ಮೊದಲು ಅದರ ಮೇಲಿನ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಯಾರು, ಯಾವ ಊರಿನವರು, ಅಜ್ಜನಿಗೆ ಅವರು ಏನಾಗಬೇಕಿತ್ತು ಎಂದು ಮನೆಯ ಹಿರಿಯರನ್ನು ಕೇಳಿ ಪಕ್ಕದಲ್ಲಿ ಗುರುತು ಹಾಕಿ. ಹೇಳಬಲ್ಲವರು ಇರುವಾಗಲೇ ಕೇಳಿ.